ಅಟ್ಟದಲ್ಲಿ ಸಿಕ್ಕಿದ ಹಳೇ ಮದ್ದಿನ ಅಳತೆ, ರಿವಾಲ್ವರ್ ತೋಟೆಗೆ ಬಳಸ್ತಿದ್ರಾ?

ಅಮ್ಮತ್ತಿ ಹುಡುಗ:
ಎಲ್ರಿಗೂ ನಮಸ್ಕಾರ. ಕೈಲ್ ಪೊಳ್ದ್ (ನಮ್ಮ ಕೊಡಗಿನ ಆಯುಧ ಹಬ್ಬ) ಹತ್ರ ಬಂತಲ್ಲ ಅಂತ ಐನ್‌ಮನೆ (ಕುಟುಂಬದ ಹಳೇ ಮೂಲ ಮನೆ) ಅಟ್ಟ ಕ್ಲೀನ್ ಮಾಡ್ತಿದ್ವಿ, ಹಿಂದ್ಗಡೆ ಮೂಲೇಲಿ ಹಳೇ ಏಲಕ್ಕಿ ಚೀಲಗಳ ಕೆಳಗೆ ಒಂದು ತೇಗದ ಪೆಟ್ಟಿಗೆ ಸಿಕ್ತು. ಮುತ್ತಜ್ಜ ಪಾಲಿಬೆಟ್ಟದ ಹತ್ರ ಒಬ್ಬ ದೊರೆ ತೋಟದಲ್ಲಿ ರೈಟರ್ ಆಗಿದ್ರು, ದೊರೆ ಸೀಮೆಗೆ ವಾಪಸ್ ಹೋಗುವಾಗ ಕೊಟ್ಟು ಹೋಗಿದ್ದು ಅಂತ ಅಜ್ಜಿ ಹೇಳ್ತಾರೆ. ಒಳಗೆ ಎರಡು ಸಾಮಾನು ಇದೆ. ಒಂದು, ಮರದ ಹಿಡಿ ಇರೋ ಹಿತ್ತಾಳೆ ಬಟ್ಟಲು, ಜಾರಿಸಿ ಉದ್ದ ಗಿಡ್ಡ ಮಾಡ್ಬಹುದು, ಮೇಲೆ 2½, 2¾, 3 ಅಂತ ಕೆತ್ತಿದೆ. ಇನ್ನೊಂದು ಕಬ್ಬಿಣದ್ದು, ಕಪ್ಪು ಬಣ್ಣ, ನೋಡೋಕೆ ಕಾಫಿಪುಡಿ ಮಾಡೋ ಕೈ ಮಿಷಿನ್ ತರ, ಮೇಲೆ ಆಲಿಕೆ ತರ ಡಬ್ಬ, ಪಕ್ಕದಲ್ಲಿ ಹ್ಯಾಂಡಲ್, ಕೆಳಗೆ ಸಣ್ಣ ಕೊಳವೆ. ಮುಂದ್ಗಡೆ ಒಂದು ಪುಟ್ಟ ತುಂಡು ನೇತಾಡ್ತಾ ಇದೆ, ಅದು ಮುರಿದಿದ್ಯೋ ಅಥವಾ ಇರೋದೇ ಹಾಗೋ ಗೊತ್ತಾಗ್ತಿಲ್ಲ. ದೊರೆ ಹತ್ರ .455 (ಇಂಚಲ್ಲಿ ಗುಂಡಿನ ಅಳತೆ) ರಿವಾಲ್ವರ್ ಇತ್ತಂತೆ, ಖಾಲಿ ತೋಟೆಗೆ ಮನೇಲೇ ಮತ್ತೆ ಮದ್ದು ತುಂಬ್ತಿದ್ರಂತೆ. ಇದು ಅದಕ್ಕೇನಾ? ಫೋಟೋ ಹಾಕಿದೀನಿ. ಅತ್ತೆ ಆಗ್ಲೇ ಬಟ್ಟಲನ್ನ ಕಾಚಂಪುಳಿ (ನಮ್ಮ ಅಡುಗೆ ಹುಳಿ) ಹಾಕಿ ಫಳಫಳ ಅನ್ನೋ ಹಾಗೆ ಉಜ್ಜಿ ಇಟ್ಟಿದಾರೆ, ಅದಕ್ಕೆ ಫೋಟೋದಲ್ಲಿ ಹೊಸದರ ತರ ಕಾಣ್ತಿದೆ.

ಕೇಪಿನ ಕೋವಿ:
ಸೂಪರ್ ಬ್ರೋ!! ಬಟ್ಟಲು ನಂಗೆ ಕೊಡು, ಈ ಸಲ ತೆಂಗಿನಕಾಯಿ ಹೊಡಿಯೋಕೆ ಅದ್ರಲ್ಲೇ ಅಳೆದು ಈಡು ತುಂಬ್ತೀನಿ. ನಮ್ಮಲ್ಲಿ ಇಷ್ಟು ದಿನ ಅಜ್ಜನ ಕಾಲದ ಬಿದಿರಿನ ಗೆಣ್ಣಲ್ಲೇ ಅಳಿತಿರೋದು. ಕಬ್ಬಿಣದ್ದು ನೋಡಿದ್ರೆ ಮಾತ್ರ ಕಾಫಿ ಮಿಷಿನ್ನೇ ಅನ್ಸುತ್ತೆ ಕಣೋ.

ಬಿಟ್ಟಂಗಾಲ ಮಾವ:
ಅಮ್ಮತ್ತಿ ತಮ್ಮ, ಫೋಟೋ ದೊಡ್ಡದು ಮಾಡಿ ನೋಡ್ದೆ. ಕಾಫಿ ಮಿಷಿನ್ ಅಲ್ಲ ಮಾರಾಯ. ನಾನು ಸರ್ವೀಸ್‌ನಲ್ಲಿ ಆರ್ಮರರ್, ಅಂದ್ರೆ ಆಯುಧ ರಿಪೇರಿ ಮಾಡೋನು, ಆಗಿದ್ದವನು, ಇಂಥದ್ದು ಒಂದೆರಡು ಬಿಚ್ಚಿ ಜೋಡಿಸಿದೀನಿ.

ಮೊದಲು ಬಟ್ಟಲು. ಅದು ಕೋವಿಗೆ, ರಿವಾಲ್ವರ್‌ಗೆ ಅಲ್ವೇ ಅಲ್ಲ. ಆ ನಂಬರ್ ಎಲ್ಲ ಡ್ರಾಮ್ ಲೆಕ್ಕ. ಔನ್ಸಿನಲ್ಲಿ 16ನೇ ಒಂದು ಪಾಲು 1 ಡ್ರಾಮ್, ಗ್ರೇನ್‌ಗೆ (ಮದ್ದು ತೂಗೋ ಪುಟ್ಟ ತೂಕ) ತಂದ್ರೆ 27 ಚಿಲ್ಲರೆ. 12 ಬೋರಿಗೆ, ಅಂದ್ರೆ ಚರೆ ಹೊಡೆಯೋ ಕೋವಿಗೆ, ಕರಿಮದ್ದು (ಹೊಗೆ ಬರೋ ಹಳೇ ಮದ್ದು) 3 ಡ್ರಾಮ್ ಅಂದ್ರೆ 82 ಗ್ರೇನ್ ಆಯ್ತು. ರಿವಾಲ್ವರ್ ತೋಟೆಗೆ ಅಷ್ಟು ಹಿಡಿಯೋ ಜಾಗ ಎಲ್ಲಿದೆ?

ಕಬ್ಬಿಣದ್ದು ಬೆಂಚ್ ಮೇಲೆ ಬಿಗಿದು ಬಳಸೋ ಅಳತೆ. ಮೇಲಿನ ಡಬ್ಬಕ್ಕೆ ಮದ್ದು ಹಾಕೋದು, ಹೊಟ್ಟೆ ಒಳಗೆ ತಿರುಗೋ ಒಂದು ಉರುಳೆ ಇರುತ್ತೆ, ಅದ್ರಲ್ಲಿ ಒಂದು ಗುಳಿ. ಹ್ಯಾಂಡಲ್ ಒಂದು ಕಡೆ ಎತ್ತಿದ್ರೆ ಗುಳಿ ತುಂಬುತ್ತೆ, ಇನ್ನೊಂದು ಕಡೆ ಇಳಿಸಿದ್ರೆ ಕೊಳವೆಯಿಂದ ತೋಟೆಗೆ ಬೀಳುತ್ತೆ. ಗುಳಿ ಚಿಕ್ಕದು ದೊಡ್ಡದು ಮಾಡೋಕೆ ಸ್ಲೈಡ್ ಇದೆ, ಅದ್ರ ಮೇಲೆ ಗೀಟು ಇರುತ್ತೆ ನೋಡು. ನೇತಾಡ್ತಿರೋ ತುಂಡು ಮುರಿದದ್ದಲ್ಲ, ಅದೇ ಸುತ್ತಿಗೆ. ಪ್ರತಿ ಸಲ ಟಕ್ ಅಂತ ತಟ್ಟಿದ್ರೆ ಕೊಳವೇಲಿ ಅಂಟಿಕೊಂಡ ಕಾಳು ಕೆಳಗೆ ಉದುರುತ್ತೆ, ಇಲ್ದಿದ್ರೆ ಒಂದು ತೋಟೆಗೆ ಕಮ್ಮಿ, ಮುಂದಿನದಕ್ಕೆ ಅದೂ ಸೇರಿ ಜಾಸ್ತಿ.

ಈಗ ಒಂದು ವಿಷ್ಯ ತಲೇಲಿ ಇಟ್ಕೊ. ಇದು ತೂಗಲ್ಲ, ಅಳೆಯುತ್ತೆ ಅಷ್ಟೇ. ಒಂದು ಪಾವು ಅಕ್ಕಿ, ಒಂದು ಪಾವು ಮಂಡಕ್ಕಿ, ಎರಡೂ ಪಾವೇ ಆದ್ರೆ ತಕ್ಕಡಿಗೆ ಹಾಕಿದ್ರೆ ಗೊತ್ತಾಗುತ್ತಲ್ಲ, ಹಂಗೆ. ಆ ಕಾಲದ ಅಳತೆಗಳ ಗೀಟು ಕರಿಮದ್ದನ್ನ ಲೆಕ್ಕ ಇಟ್ಕೊಂಡು ಹಾಕಿದ್ದು. ಹೊಗೆ ಇಲ್ಲದ ಮದ್ದು ಬಂದ ಮೇಲೆ ಗೀಟಿಗೂ ತೂಕಕ್ಕೂ ಸಂಬಂಧ ತಪ್ಪಿತು, ಅಷ್ಟೇ ಜಾಗದಲ್ಲಿ ಎಷ್ಟೋ ಪಟ್ಟು ಜೋರು. ಅದಕ್ಕೇ ಗೊತ್ತಿರೋರು ಮೊದಲು ತಕ್ಕಡೀಲಿ ತೂಗಿ, ಆ ತೂಕ ಬರೋವರೆಗೆ ಸ್ಲೈಡ್ ಸರಿಸಿ, ನಡುನಡುವೆ ಮತ್ತೆ ತೂಗಿ ನೋಡ್ತಿದ್ರು.

ಪಿಸ್ತೂಲು ರಿವಾಲ್ವರಲ್ಲಂತೂ ಇನ್ನೂ ಕಷ್ಟ. ಕರಿಮದ್ದಿನ 82 ಗ್ರೇನಲ್ಲಿ ಅರ್ಧ ಗ್ರೇನ್ ಆಚೆ ಈಚೆ ಆದ್ರೆ ಕೋವಿಗೆ ಗೊತ್ತೂ ಆಗಲ್ಲ. ಬರೀ 5 ಗ್ರೇನ್ ಇರೋ ಕಡೆ ಅರ್ಧ ಗ್ರೇನ್ ಅಂದ್ರೆ ನೂರಕ್ಕೆ ಹತ್ತು. 5 ಗ್ರೇನ್ ಅಂದ್ರೆ ಎಷ್ಟು ಗೊತ್ತಾ, ಅಕ್ಕಸಾಲಿ ತಕ್ಕಡೀಲಿ ಮೂರು ಗುಲಗಂಜಿ ತೂಕಕ್ಕೂ ಕಮ್ಮಿ! ಮೇಲಾಗಿ ತೋಟೆ ಒಳಗೆ ಅಷ್ಟು ಮದ್ದು ತಳದಲ್ಲಿ ಮಲಗಿರುತ್ತೆ, ಮರೆತು ಎರಡನೇ ಸಲ ಹ್ಯಾಂಡಲ್ ಎಳೆದ್ರೂ ತುಂಬಿ ಚೆಲ್ಲಲ್ಲ, ಗೊತ್ತೇ ಆಗಲ್ಲ. ಆಮೇಲೆ ಕೈಯಲ್ಲಿ ರಿವಾಲ್ವರ್ ಸಿಡಿಯುತ್ತೆ.

ಕೇಪಿನ ಕೋವಿ, ನಿನ್ನ ಬಿದಿರೇ ಸರಿ ಇದೆ ಕಣಪ್ಪ, ಆ ಕೋವಿಗೂ ಆ ಬಿದಿರಿಗೂ ಅರವತ್ತು ವರ್ಷದ ಸಂಸಾರ.

ಕೇಪಿನ ಕೋವಿ:
😂 ಸರಿ ಮಾವ. ಆದ್ರೆ ಡ್ರಾಮ್ ಬಟ್ಟಲೂ ಕರಿಮದ್ದಿಗೇ ಮಾಡಿರೋದು, ನಾನು ಹಾಕೋದೂ ಕರಿಮದ್ದೇ, ಹಾಗಾದ್ರೆ ಅದ್ರಲ್ಲಿ ಏನು ತಪ್ಪು?

ಬಿಟ್ಟಂಗಾಲ ಮಾವ:
ಬಟ್ಟಲಲ್ಲಿ ತಪ್ಪಿಲ್ಲ, ನಿನ್ನ ನಳಿಗೆ ಎಷ್ಟು ಗಟ್ಟಿ ಇದೆ ಅನ್ನೋದು ಪ್ರಶ್ನೆ. ಬಟ್ಟಲಿನ 3 ಡ್ರಾಮ್ ಒಳ್ಳೇ 12 ಬೋರ್ ತೋಟಾ ಕೋವಿಗೆ ಹೇಳಿದ್ದು, ನಿನ್ನ ಅಜ್ಜನ ಒಂಟಿ ನಳಿಗೆ ಅಲ್ಲ.

ಹಳೇ ಹಿತ್ತಾಳೆ, ಮಡಿಕೇರಿ:
ಅಮ್ಮತ್ತಿಯವರೇ, ಮೊದಲನೇ ಕೆಲಸ, ದಯವಿಟ್ಟು ಅತ್ತೆ ಕೈಯಿಂದ ಕಾಚಂಪುಳಿ ಕಿತ್ಕೊಳ್ಳಿ! ಅದನ್ನ ಪಂದಿಕರಿಗೆ ಇಟ್ಕೊಳ್ಳಿ. ಹಳೇ ಹಿತ್ತಾಳೆ ಮೇಲಿನ ಕಂದು ಬಣ್ಣ ಹೋಯ್ತು ಅಂದ್ರೆ ಸಂಗ್ರಹ ಮಾಡೋರ ಕಣ್ಣಲ್ಲಿ ಅರ್ಧ ಬೆಲೆ ಹೋದಂಗೆ, ಹುಳಿ ಜಾಸ್ತಿ ಹೊತ್ತು ಇದ್ರೆ ಕೆತ್ತಿದ ಅಕ್ಷರವೂ ಮಾಸುತ್ತೆ. ಕಬ್ಬಿಣದ್ದಕ್ಕಂತೂ ಮುಟ್ಟಿಸಲೇಬೇಡಿ, ಒಣ ಬಟ್ಟೇಲಿ ಒರೆಸಿ ಸ್ವಲ್ಪ ಮಿಷಿನ್ ಎಣ್ಣೆ ಸವರಿದ್ರೆ ಸಾಕು, ನಮ್ಮ ಮಳೆಗಾಲಕ್ಕೆ ಅಷ್ಟಾದ್ರೂ ಬೇಕು.

ಬಟ್ಟಲ ಹಿಡಿ ಹತ್ರ ಭೂತಗನ್ನಡಿ ಹಿಡಿದು ನೋಡಿ, ಡಿಕ್ಸನ್ ಅಥವಾ ಹಾಕ್ಸ್‌ಲಿ ಅಂತ ಇದ್ಯಾ? ಎರಡೂ ಶೆಫೀಲ್ಡಿನ ಹೆಸರುಗಳು, ಮದ್ದಿನ ಬುರುಡೆ, ಚರೆ ಚೀಲ, ಅಳತೆ ಎಲ್ಲ ಮಾಡ್ತಿದ್ರು. ಕಬ್ಬಿಣದ್ದು ನನಗೆ ಅಮೆರಿಕದ್ದು ಅನ್ಸುತ್ತೆ. ಐಡಿಯಲ್ ಅಂತ ಒಂದು ಕಂಪನಿ, ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ಜಾನ್ ಬಾರ್ಲೋ ಅನ್ನೋರು 1884ರಲ್ಲಿ ಶುರು ಮಾಡಿದ್ದು. 1910ರಲ್ಲಿ ಮಾರ್ಲಿನ್‌ನವರು ತಗೊಂಡ್ರು, 1925ರಲ್ಲಿ ಲೈಮನ್ ಕೈಗೆ ಹೋಯ್ತು, ಆಮೇಲೆ ಲೈಮನ್‌ನ 55 ನಂಬರ್ ಅಳತೆ ಬಂತು, ಅದ್ರಲ್ಲಿ ಒಂದರ ಬದಲು ಮೂರು ಸ್ಲೈಡ್, ಸಣ್ಣ ತೂಕಕ್ಕೆ ಸೂಕ್ಷ್ಮವಾಗಿ ಹೊಂದಿಸ್ಬಹುದು. ನಿಮ್ಮದ್ರಲ್ಲಿ ಎಷ್ಟು ಸ್ಲೈಡ್ ಇದೆ ಅಂತ ಹೇಳಿದ್ರೆ ಕಾಲ ಅಂದಾಜು ಮಾಡ್ಬಹುದು. ನನಗೆ ಖುದ್ದಾಗಿ ಇಷ್ಟ ಆಗೋದು ಬೆಲ್ಡಿಂಗ್ ಅಂಡ್ ಮಲ್ ಅಳತೆ, ಪೆನ್ಸಿಲ್ವೇನಿಯಾದ್ದು, ಅದ್ರಲ್ಲಿ ಮದ್ದು ಮೊದಲು ಒಂದು ಬಿಡಿ ಕೊಳವೆಗೆ ಬಂದು ಆಮೇಲೆ ತೋಟೆಗೆ ಸುರಿಯೋದು, ಹಾಗಾಗಿ ಕಣ್ಣಿಗೆ ಕಾಣುತ್ತೆ. ನಿಧಾನ, ಆದ್ರೆ ಬುದ್ಧಿವಂತ ಕೆಲಸ.

ಇನ್ನೊಂದು. ಮಿಲಿಟರಿ .455ಗೆ 1890ರ ದಶಕದಲ್ಲೇ ಕರಿಮದ್ದು ಹೋಗಿ ಕಾರ್ಡೈಟ್ ಬಂತು. ಕಾರ್ಡೈಟ್ ಅಂದ್ರೆ ಹೊಗೆ ಇಲ್ಲದ ಒಂದು ಮದ್ದು, ನೂಲ್‌ಪುಟ್ಟಿನ ಎಳೆ ತರ ಮಾಡಿ, ರಿವಾಲ್ವರ್ ತೋಟೆಗೆ ಸಣ್ಣಗೆ ಕತ್ತರಿಸಿ ಹಾಕ್ತಿದ್ರು. ದೊರೆ ಇದನ್ನ ಬಳಸಿದ್ದು ನಿಜ ಆದ್ರೂ ಯಾವ ಮದ್ದು ತುಂಬ್ತಿದ್ರು ಅಂತ ಈಗ ಹೇಳೋದು ಕಷ್ಟ.

ಜಮ್ಮಾ ಜಮೀನು:
ಎಲ್ಲ ಸರಿ, ಕಾನೂನು ಯಾರೂ ಹೇಳ್ಲಿಲ್ಲ. ನಾನು ಲಾಯರ್ ಅಲ್ಲ, ಕೋವಿ ವಿನಾಯಿತಿ ಕಾಗದಕ್ಕೆ ಓಡಾಡಿ ಕಲಿತಿದ್ದು. ನಮಗೆ, ಅಂದ್ರೆ ಕೊಡವರಿಗೆ ಮತ್ತೆ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಇರೋ ಲೈಸೆನ್ಸ್ ವಿನಾಯಿತಿ 2029ರವರೆಗೆ ಇದೆ, ಹೈಕೋರ್ಟ್ ಕೂಡ 2021ರಲ್ಲಿ ಎತ್ತಿ ಹಿಡಿದಿದೆ. ಆದ್ರೆ ಅದು ಕೋವಿಗೆ. ಪಿಸ್ತೂಲು, ರಿವಾಲ್ವರ್ ಅದ್ರಲ್ಲಿ ಬರಲ್ಲ, ಅದಕ್ಕೆ ಎಲ್ಲರ ತರ ಲೈಸೆನ್ಸೇ ಬೇಕು. ಲೈಸೆನ್ಸ್ ಇಲ್ದೆ ತೋಟೆ ತಯಾರು ಮಾಡೋ ಹಾಗಿಲ್ಲ, 1959ರ ಆಯುಧ ಕಾಯ್ದೇಲಿ ಮದ್ದುಗುಂಡು ಅನ್ನೋ ಪದದೊಳಗೆ ಅದನ್ನ ತಯಾರಿಸೋ ಯಂತ್ರವೂ ಸೇರುತ್ತೆ. ಅಜ್ಜನ ನೆನಪು ಅಂತ ಶೋಕೇಸಲ್ಲಿ ಇಡೋಕೆ ಮುಂಚೆ ಸ್ಟೇಷನ್‌ನಲ್ಲೋ ಡಿಸಿ ಆಫೀಸಲ್ಲೋ ಒಂದು ಮಾತು ಕೇಳಿ ಬರೆಸ್ಕೊಳ್ಳಿ. ಮಾರೋ ಯೋಚನೆ ಇದ್ರೆ ಆನ್‌ಲೈನ್‌ನಲ್ಲಿ ಹಾಕೋಕೆ ಮುಂಚೆ ಇನ್ನೂ ನೂರು ಸಲ ಕೇಳಿ.

ಅಮ್ಮತ್ತಿ ಹುಡುಗ:
ಎಲ್ರಿಗೂ ಥ್ಯಾಂಕ್ಸ್. ಹಿತ್ತಾಳೆ ಸರ್, ಸ್ಲೈಡ್ ಒಂದೇ ಇರೋದು. ಟಾರ್ಚ್ ಹಾಕಿ ನೋಡಿದ್ರೆ ಮಸಿ ಕೆಳಗೆ ಐಡಿಯಲ್ ಅಂತಾನೂ ನ್ಯೂ ಹೇವನ್ ಅಂತಾನೂ ಓದೋಕೆ ಬರುತ್ತೆ! ಸ್ಲೈಡ್ ತುಕ್ಕು ಹಿಡಿದು ಒಂದು ಗೀಟಿನ ಹತ್ರ ಕೂತುಬಿಟ್ಟಿದೆ, ಸೀಮೆಎಣ್ಣೆ ಬಿಡಲಾ ಅಂತ ಯೋಚಿಸ್ತಿದ್ದೆ. ಮಾವ, ಇನ್ನೊಂದು ಹೇಳೋದು ಮರೆತಿದ್ದೆ, ಪೆಟ್ಟಿಗೆ ತಳದಲ್ಲಿ ಒಂದು ಪುಟ್ಟ ತಗಡಿನ ಡಬ್ಬಿ ಇದೆ, ಅಲುಗಾಡಿಸಿದ್ರೆ ಸಾಸಿವೆ ತರ ಸದ್ದು, ಮುಚ್ಚಳ ಬರ್ತಿಲ್ಲ. ಮೇಲಿನ ಡಬ್ಬದ ಒಳಗೂ ಕಂದು ಪುಡಿ ಅಂಟಿಕೊಂಡಿದೆ, ಹುಳಿ ಹುಳಿ ವಾಸನೆ.

ಬಿಟ್ಟಂಗಾಲ ಮಾವ:
ಅಲುಗಾಡಿಸ್ಬೇಡ!! ಈಗಲೇ ನಿಲ್ಸು. ಅದು ಕೇಪು, ಅಂದ್ರೆ ಮದ್ದಿಗೆ ಕಿಡಿ ಹೊತ್ತಿಸೋ ಪುಟ್ಟ ಟೋಪಿ, ಇರ್ಬಹುದು, ಹಳೇ ಕೇಪಲ್ಲಿ ಪಾದರಸದ ಮದ್ದು ಇರುತ್ತೆ, ಮುಚ್ಚಳಕ್ಕೆ ಸ್ಕ್ರೂಡ್ರೈವರ್ ಹಾಕಿದ್ರೆ ಬೆರಳು ಹೋಗುತ್ತೆ. ಹುಳಿ ವಾಸನೆ, ಕಂದು ಪುಡಿ ಅಂದ್ರೆ ಹೊಗೆ ಇಲ್ಲದ ಮದ್ದು ಕೊಳೀತಿದೆ ಅಂತ. ಸೀಮೆಎಣ್ಣೆ, ಕೆರೆಯೋದು, ಬಿಸಿಲಿಗೆ ಇಡೋದು ಯಾವುದೂ ಬೇಡ. ಒಲೆ, ದೀಪದಿಂದ ದೂರ ಇರೋ ಖಾಲಿ ಕೋಣೇಲಿ ಹಾಗೇ ಬಿಟ್ಟು, ಮಕ್ಕಳನ್ನ ಆ ಕಡೆ ಬಿಡದೆ ಸ್ಟೇಷನ್‌ಗೆ ಫೋನ್ ಮಾಡು. ನೀನೇ ಜೀಪಲ್ಲಿ ಹಾಕ್ಕೊಂಡು ಹೋಗ್ಬೇಡ, ಅಮ್ಮತ್ತಿ ರಸ್ತೆ ಗುಂಡಿ ನಂಗೂ ಗೊತ್ತು.

ಅಮ್ಮತ್ತಿ ಹುಡುಗ:
ನಾಲ್ಕು ದಿನ ಆಯ್ತು, ಅಪ್‌ಡೇಟ್. ಫೋನ್ ಮಾಡಿದ್ದಕ್ಕೆ ಇಬ್ಬರು ಬಂದು ನೋಡಿ, ಆಮೇಲೆ ಗೊತ್ತಿರೋರನ್ನ ಕರ್ಕೊಂಡು ಬಂದು ಡಬ್ಬಿ ತಗೊಂಡು ಹೋದ್ರು, ಕೇಪೇ ಅಂತೆ. ಅಳತೆಯನ್ನೂ ಅವರೇ ಒಯ್ದು ಕ್ಲೀನ್ ಮಾಡಿಸಿದ್ರು. ಅರ್ಜಿ ಬರ್ಕೊಟ್ಟಿದೀನಿ, ಎರಡೂ ಅಳತೆ ಈಗ ಅವರ ಹತ್ರ ಇದೆ, ಉತ್ತರ ಬಂದ ಮೇಲೆ ವಾಪಸ್ ಕೊಡೋದಾ ಇಲ್ವಾ ಅಂತ ಹೇಳ್ತಾರಂತೆ. ಸ್ಲೈಡ್ ಮಾತ್ರ ಆ ಗೀಟಿಂದ ಅಲ್ಲಾಡಿಸ್ಬೇಡಿ ಅಂತ ಕೇಳ್ಕೊಂಡೆ, ದೊರೆ ಕೊನೇ ಸಲ ಎಲ್ಲಿಗೆ ಇಟ್ಟಿದ್ರೋ ಅಲ್ಲೇ ಇರ್ಲಿ. ಅತ್ತೆಗೆ ಮಾತ್ರ ಬೇಜಾರು, ಕಬ್ಬಿಣದ್ದು ಉಜ್ಜೋಕೆ ಕೊಡ್ಲಿಲ್ಲ ಅಂತ.