ರನ್‌ಟೈಮ್ ಲೈಬ್ರರಿ ಸದ್ದಿಲ್ಲದೆ ಇನ್‌ಸ್ಟಾಲ್ ಮಾಡುವುದು ಹೇಗೆ?

ಪ್ರಶ್ನೆ (ಉಡುಪಿ): ಕಾಲೇಜು ಲ್ಯಾಬಿನ ವಿಂಡೋಸ್ ಮೆಷಿನ್‌ಗಳಿಗೆ ಗ್ರೂಪ್ ಪಾಲಿಸಿಯಲ್ಲಿ (ಎಲ್ಲ ಮೆಷಿನ್‌ಗಳಿಗೆ ಒಂದೇ ಕಡೆಯಿಂದ ಸೆಟ್ಟಿಂಗ್ ಕಳಿಸುವ ವ್ಯವಸ್ಥೆ) ಒಂದು ಪ್ರೋಗ್ರಾಮಿನ ಎಂಎಸ್ಐ (ವಿಂಡೋಸ್ ಇನ್‌ಸ್ಟಾಲರ್ ಫೈಲ್) ಕಳಿಸಿದ್ದೇನೆ. ಕೆಲವದರಲ್ಲಿ ಪ್ರೋಗ್ರಾಮ್ ತೆರೆಯುವುದಿಲ್ಲ, "ವಿಸಿರನ್‌ಟೈಮ್140_1 ಡಿಎಲ್ಎಲ್ ಇಲ್ಲ" ಅಂತ ಬರ್ತದೆ. ಹಳೆಯ ವಿಷುವಲ್ ಸಿ++ 2015 ರನ್‌ಟೈಮ್ (ಪ್ರೋಗ್ರಾಮ್ ಓಡಲು ಬೇಕಾದ ಮೈಕ್ರೋಸಾಫ್ಟ್ ಲೈಬ್ರರಿ) ಆ ಮೆಷಿನ್‌ಗಳಲ್ಲಿ ಉಂಟು. ಎಂಎಸ್ಐ ಒಳಗೇ ಹೊಸದನ್ನು ಸೇರಿಸಬಹುದಾ?

ಉತ್ತರ (ಮಂಗಳೂರು): ಸೇರಿಸಬೇಡಿ ಮಾರಾಯ್ರೇ. ಒಂದು ಎಂಎಸ್ಐ ಓಡುವಾಗ ಇನ್ನೊಂದು ಶುರುವಾಗುವುದಿಲ್ಲ, 1618 ಎರರ್ ಬರ್ತದೆ. ಆ "_1" ಫೈಲ್ ಬಂದದ್ದೇ 2019ರ ಆವೃತ್ತಿಯಿಂದ, ಅದೂ 64 ಬಿಟ್‌ಗೆ ಮಾತ್ರ. 32 ಬಿಟ್‌ನದ್ದು ಹಾಕಿ ಪ್ರಯೋಜನ ಇಲ್ಲ. ರೀಡಿಸ್ಟ್ರಿಬ್ಯೂಟೆಬಲ್ (ಆ ರನ್‌ಟೈಮ್ ಹಾಕುವ ಮೈಕ್ರೋಸಾಫ್ಟ್ ಇನ್‌ಸ್ಟಾಲರ್) ಎಂಎಸ್ಐ ಅಲ್ಲ, ಇಎಕ್ಸ್ಇ ಆದ ಕಾರಣ ಪಾಲಿಸಿಯ ಸಾಫ್ಟ್‌ವೇರ್ ಪಟ್ಟಿಗೆ ಹೋಗುವುದಿಲ್ಲ. ಕಂಪ್ಯೂಟರ್ ಸ್ಟಾರ್ಟಪ್ ಸ್ಕ್ರಿಪ್ಟಿನಲ್ಲಿ ಇನ್‌ಸ್ಟಾಲ್, ಕ್ವೈಟ್, ನೋರೀಸ್ಟಾರ್ಟ್ ಈ ಮೂರು ಸ್ವಿಚ್ (ಕಮಾಂಡಿನ ಜೊತೆ ಬರೆಯುವ ಆಯ್ಕೆ) ಕೊಟ್ಟು ಅದನ್ನು ಓಡಿಸಿ. ಸ್ಕ್ರಿಪ್ಟ್ ಪವರ್‌ಶೆಲ್‌ನಲ್ಲಿ ಆದರೆ ಸ್ಟಾರ್ಟ್-ಪ್ರೊಸೆಸ್ ಕಮಾಂಡಿನ ಜೊತೆ ವೇಟ್ ಸ್ವಿಚ್ ಕಡ್ಡಾಯ, ಇಲ್ಲದಿದ್ದರೆ ಅದು ಮುಗಿಯುವ ಮೊದಲೇ ಮುಂದಿನ ಸಾಲಿಗೆ ಹಾರ್ತದೆ.

ಇನ್ನೊಂದು ಉತ್ತರ: ಎಕ್ಸಿಟ್ ಕೋಡ್ (ಇನ್‌ಸ್ಟಾಲರ್ ಮುಗಿದಾಗ ಕೊಡುವ ಸಂಖ್ಯೆ) ಸೊನ್ನೆ ಅಲ್ಲ ಅಂದಕೂಡಲೇ ಫೇಲ್ ಅಂತ ಬರೆಯಬೇಡಿ. 3010 ಅಂದರೆ ಕೆಲಸ ಆಗಿದೆ, ರೀಸ್ಟಾರ್ಟ್ ಬೇಕು. 1638 ಅಂದರೆ ಇದಕ್ಕಿಂತ ಹೊಸದು ಮೊದಲೇ ಉಂಟು. 1618ಕ್ಕೆ ಮಾತ್ರ ಸ್ವಲ್ಪ ಕಾದು ಪುನಃ ಪ್ರಯತ್ನಿಸಿ. ಮತ್ತೆ, ಇನ್‌ಸ್ಟಾಲರ್ ಇಟ್ಟ ಶೇರ್ ಫೋಲ್ಡರಿನಲ್ಲಿ ಡೊಮೈನ್ ಕಂಪ್ಯೂಟರ್ಸ್ (ಡೊಮೈನ್ ನೆಟ್‌ವರ್ಕಿಗೆ ಸೇರಿದ ಮೆಷಿನ್‌ಗಳ) ಗುಂಪಿಗೆ ಓದುವ ಅನುಮತಿ ಇದೆಯಾ ನೋಡಿ. ಸ್ಟಾರ್ಟಪ್ ಸ್ಕ್ರಿಪ್ಟ್ ಓಡುವುದು ಮೆಷಿನ್ ಅಕೌಂಟಿನಲ್ಲಿ, ಲಾಗಿನ್ ಆದವರ ಹೆಸರಿನಲ್ಲಿ ಅಲ್ಲ.