ಬ್ಯಾಕ್ಟೀರಿಯಾ ಹಾಕಿ ಕೃಷಿ ಹೊಂಡದ ಮರಳು ದಂಡೆ ಗಟ್ಟಿ ಮಾಡ್ಬಹುದಾ?

ವೇದಾವತಿ ದಂಡೆ:
ನಮ್ದು ಹಿರಿಯೂರು ಕಡೆ, ಹೊಳೆ ಪಕ್ಕದ ಹೊಲ, ಎರಡಡಿ ತೆಗೆದ್ರೆ ಬರೀ ಮರಳು. ಕೃಷಿ ಹೊಂಡ ತೆಗೆಸಿದ್ವಿ, ಒಂದೇ ಮಳೆಗೆ ದಂಡೆ ಕುಸಿದು ಅರ್ಧ ಹೊಂಡ ಮುಚ್ಚೋಯ್ತು, ಮತ್ತೆ ಜೆಸಿಬಿ ಕರೆಸಿ ತೆಗೆಸಿದ್ರೆ ಮತ್ತೆ ಅದೇ ಕಥೆ. ಸಿಮೆಂಟ್ ಹಾಕಿಸೋ ಅಷ್ಟು ದುಡ್ಡಿಲ್ಲ. ಯಾವುದೋ ಬ್ಯಾಕ್ಟೀರಿಯಾ ಯೂರಿಯಾ ತಿಂದು ಮರಳನ್ನ ಕಲ್ಲು ಮಾಡುತ್ತೆ ಅಂತ ಮಗ ಮೊಬೈಲಲ್ಲಿ ತೋರಿಸಿದ. ನಿಜಾನಾ? ಮನೇಲಿ ಯೂರಿಯಾ ಮೂಟೆ ಐತೆ, ಕಲಸಿ ಸುರಿದ್ರೆ ಆಗುತ್ತಾ?

ದಾವಣಗೆರೆ ಸಿವಿಲ್ ಹುಡ್ಗ:
ನಿಜ ಅಣ್ಣ, ನಾವು ಕಾಲೇಜ್ ಪ್ರಾಜೆಕ್ಟಿಗೆ ಇದನ್ನೇ ಮಾಡಿದ್ವಿ. ಸ್ಪೋರೋಸಾರ್ಸಿನಾ ಪಾಶ್ಚುರಿ ಅಂತ, ಮಣ್ಣಲ್ಲೇ ಇರೋ ಬ್ಯಾಕ್ಟೀರಿಯಾ. ಯೂರಿಯಾನ ಅಮೋನಿಯಾ, ಕಾರ್ಬೊನೇಟ್ ಆಗಿ ಒಡೆಯುತ್ತೆ, ಜತೆಗೆ ಕ್ಯಾಲ್ಸಿಯಂ ಕ್ಲೋರೈಡ್ ಇದ್ರೆ ಸುಣ್ಣಕಲ್ಲಿನ ಹರಳು ಮರಳಿನ ಕಾಳು ಕಾಳು ತಾಗೋ ಕಡೆ ಕೂತು ಬೆಸೆಯುತ್ತೆ. ಬರೀ ಯೂರಿಯಾ ಸುರಿದ್ರೆ ಆಗಲ್ಲ. ನಾವು ಪಿವಿಸಿ ಪೈಪಲ್ಲಿ ಮರಳು ತುಂಬಿ ಮೊದಲ ಸಲ ಎಲ್ಲಾನೂ ಒಟ್ಟಿಗೆ ಗಟ್ಟಿಯಾಗಿ ಕಲಸಿ ಸುರಿದ್ವಿ, ಮೇಲೆ ನಾಕು ಬೆರಳಷ್ಟು ಕಲ್ಲಾಗಿ ಬಾಯಿ ಕಟ್ಕೊಂತು, ಕೆಳಗಿಂದು ಹಂಗೇ ಉದುರ್ತು. ಆಮೇಲೆ ಮೊದ್ಲು ಬ್ಯಾಕ್ಟೀರಿಯಾ ನೀರು ಹಾಕಿ ಒಂದ್ ರಾತ್ರಿ ಬಿಟ್ಟು, ಯೂರಿಯಾ ಕ್ಯಾಲ್ಸಿಯಂ ದ್ರಾವಣ ತೆಳ್ಳಗೆ ಮಾಡಿ ದಿನಾ ಹನಿಸ್ತಾ ಬಂದ್ವಿ, ಪೈಪ್ ಸೀಳಿದ್ರೆ ಮರಳು ಕಂಬದ ಥರ ನಿಂತಿತ್ತು, ಸುಣ್ಣಕಲ್ಲು ಕೂತಿದ್ಯಾ ಅಂತ ನೋಡೋಕೆ ಮೇಲೆ ಒಂದ್ ಹನಿ ಆಸಿಡ್ ಬಿಟ್ರೆ ಬುಸ್ ಅಂತ ನೊರೆ! ರೂಮೆಲ್ಲಾ ಅಮೋನಿಯಾ ವಾಸನೆ ಮಾತ್ರ ತಡಿಯೋಕಾಗ್ಲಿಲ್ಲ.
ಲೆಕ್ಕ ಹೇಳ್ತೀನಿ, 100 ಕೆಜಿ ಮರಳಲ್ಲಿ 5 ಕೆಜಿ ಸುಣ್ಣಕಲ್ಲು ಕೂರ್ಬೇಕಂದ್ರೆ ಕಡಿಮೆ ಅಂದ್ರೂ 3 ಕೆಜಿ ಯೂರಿಯಾ, ಐದೂವರೆ ಕೆಜಿ ಕ್ಯಾಲ್ಸಿಯಂ ಕ್ಲೋರೈಡ್ ಬೇಕು. ದಂಡೆ ಪೂರ್ತಿಗೆ ನೀವೇ ಗುಣಿಸ್ಕೊಳ್ಳಿ.

ಎರೆ ಹೊಲ:
ನಮ್ ಎರೆ ಮಣ್ಣಿಗೂ ಆಗ್ತದಾ?

ದಾವಣಗೆರೆ ಸಿವಿಲ್ ಹುಡ್ಗ:
ಕಷ್ಟ ಸರ್. ಎರೆಯಲ್ಲಿ ಸಂದಿ ತೀರಾ ಸಣ್ಣ, ಬ್ಯಾಕ್ಟೀರಿಯಾ ಒಳಗೇ ಇಳಿಯಲ್ಲ.

ಚಳ್ಳಕೆರೆ ಶೇಂಗಾ:
ಅಣ್ಣಾ ನಿನ್ ಬೋರ್‌ವೆಲ್ ಎಷ್ಟು ದೂರ ಐತೆ ಮೊದ್ಲು ಹೇಳು. ಸುಣ್ಣ ಕೂತ್ಮೇಲೆ ಉಳಿಯೋದು ಅಮೋನಿಯಂ ಕ್ಲೋರೈಡ್, ಅದೂ ಒಂದ್ ರೀತಿ ಉಪ್ಪೇ. ಮರಳು ನೆಲ ಏನನ್ನೂ ಹಿಡ್ಕೊಳ್ಳಲ್ಲ, ತೊಳೆದು ಸೀದಾ ಕೆಳಗೆ ಇಳಿಯುತ್ತೆ, ಅಮೋನಿಯಂ ಮಣ್ಣಲ್ಲಿ ನೈಟ್ರೇಟ್ ಆಗಿ ಕುಡಿಯೋ ನೀರಿಗೆ ಸೇರಿದ್ರೆ ಎಳೆ ಮಕ್ಕಳಿಗೆ ಅಪಾಯ. ಸಬ್ಸಿಡಿ ಯೂರಿಯಾ ಬೆಳೆ ಬಿಟ್ಟು ಬೇರೆದಕ್ಕೆ ಬಳಸೋ ಹಂಗೂ ಇಲ್ಲ. ದಂಡೆ ನೆಟ್ಟಗೆ ಬಿಡದೆ ಇನ್ನೂ ಓರೆಯಾಗಿ ಇಳಿಸಿ ಲಾವಂಚ ಸಾಲಾಗಿ ನೆಡು, ಬೇರು ನೇರ ಆಳಕ್ಕೆ ಹೋಗಿ ಹಿಡಿಯುತ್ತೆ.

ವೇದಾವತಿ ದಂಡೆ:
ಬೋರು ಮೂವತ್ತಡಿ ದೂರದಾಗೆ ಐತೆ ಕಣಣ್ಣ, ಮನೆಗೂ ಅದೇ ನೀರು, ಮೊಮ್ಮಗಳು ಇನ್ನೂ ಆರು ತಿಂಗಳ ಕೂಸು. ಹೊಂಡಕ್ಕೆ ಬೇಡ ಬಿಡಿ. ಈ ಮಳೆಗಾಲಕ್ಕೇ ಲಾವಂಚ ಹಾಕ್ತೀನಿ, ಸಸಿ ಯಾರ ಹತ್ರ ಆದ್ರೂ ಇದ್ರೆ ತಿಳಿಸಿ. ಮಗ ಮಾತ್ರ ಪೈಪಲ್ಲಿ ಒಂದ್ಸಲ ಮಾಡಿ ನೋಡ್ಬೇಕು ಅಂತ ಕೂತವ್ನೆ, ದಾವಣಗೆರೆ ತಮ್ಮಾ, ಆ ಬ್ಯಾಕ್ಟೀರಿಯಾ ನೀರು ಹೆಂಗೆ ಮಾಡ್ಕೊಂಡ್ರಿ ಅಂತ ಅವ್ನಿಗೆ ಸ್ವಲ್ಪ ಬಿಡಿಸಿ ಹೇಳಪ್ಪ.