17ನೇ ಸ್ಥಾನದಿಂದ ಸೀದಾ ಮೇಲಕ್ಕೆ, ಹೇಗೆ?

ಪ್ರಶ್ನೆ: ಉದ್ಯಮ ನಡೆಸೋದು ಎಲ್ಲಿ ಸುಲಭ ಅನ್ನೋ ಕೇಂದ್ರದ ಪಟ್ಟಿಯಲ್ಲಿ ಕರ್ನಾಟಕ 2017ರಲ್ಲಿ 8ನೇದು, 2019ರಲ್ಲಿ 17. ಆದರೆ 2020ರ ಪಟ್ಟಿಯಲ್ಲಿ ಅಗ್ರ ಗುಂಪು! ಅಷ್ಟರಲ್ಲಿ ಏನು ಬದಲಾಯ್ತು?

ಹುಬ್ಬಳ್ಳಿಯವ: ಬದಲಾಗಿದ್ದು ಅಳತೆಗೋಲು ಸರ್. 2019ರದ್ದು ಪೂರ್ತಿ ಬಳಕೆದಾರರನ್ನು ಕೇಳಿ ಕೊಟ್ಟ ಅಂಕ. 2020ರದ್ದರಲ್ಲಿ ರ‍್ಯಾಂಕೇ ಇಲ್ಲ, ನಾಲ್ಕು ಗುಂಪು ಅಷ್ಟೇ, ಮೇಲಿನದರಲ್ಲಿ ನಮ್ಮ ಜೊತೆ ಆಂಧ್ರ, ತಮಿಳುನಾಡು ಎಲ್ಲ ಸೇರಿ ಏಳು ರಾಜ್ಯ.

ಲೇತ್ ಶೆಡ್‌ನವ: ನಾನು ಲೈಸೆನ್ಸಿಗೆ ಆನ್‌ಲೈನಲ್ಲೇ ಅರ್ಜಿ ಹಾಕಿದೆ. ಆಮೇಲೆ ಅದನ್ನೇ ಪ್ರಿಂಟ್ ತೆಗೆದು ಮೂರು ಸೆಟ್ ಜೆರಾಕ್ಸ್ ಜೊತೆ ಕೌಂಟರಿಗೆ ಕೊಡಿ ಅಂದರು. ಪಟ್ಟಿಯಲ್ಲಿ ಇದೂ ‘ಆನ್‌ಲೈನ್’ ಅಂತಲೇ ಬರುತ್ತೆ ಅಲ್ವಾ?

ಪ್ರಶ್ನೆ ಕೇಳಿದವರು: ಹಾಗಾದ್ರೆ ನೀತಿ ಆಯೋಗದ ನಾವೀನ್ಯತಾ ಸೂಚ್ಯಂಕ?

ಹುಬ್ಬಳ್ಳಿಯವ: ಅದರಲ್ಲಿ 2019, 2020, 2021 ಮೂರೂ ಸಲ ದೊಡ್ಡ ರಾಜ್ಯಗಳಲ್ಲಿ ನಾವೇ ಫಸ್ಟು. ಆದರೆ ಅದು ಜೆರಾಕ್ಸ್ ಎಣಿಸಲ್ಲ.